2 ರೂಪಾಯಿ ನೋಟಿನಿಂದ ಸಿಕ್ಕ ಗೆಳೆಯರು

ಬಾಹ್ಯಾಕಾಶದ ನೆನಪಿನ ವಸ್ತು ಕೂಡಿಸುವುದು ದುಡ್ಡಿದ್ದವರ ಹವ್ಯಾಸ ಎಂದು ನೀವು ಪ್ರಕಟಿಸಿದ ಲೇಖನವೊಂದರಲ್ಲಿದೆ. ನಾನು ಒಪ್ಪುವುದಿಲ್ಲ. ನನ್ನ ಸಂಗ್ರಹ ಶುರುವಾಗಿದ್ದು ಒಂದು ಹಳೆಯ 2 ರೂಪಾಯಿ ನೋಟಿನಿಂದ. ಅದರ ಹಿಂಬದಿಯಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟದ ಚಿತ್ರವಿತ್ತು, ನೆನಪಿದೆ ಅಲ್ವಾ?

ವಿಜಯಪುರದಲ್ಲಿ ಇದೇ ಹವ್ಯಾಸದ ನಾವು ನಾಲ್ವರು ಭಾನುವಾರ ಗೋಳಗುಮ್ಮಟದ ಹತ್ತಿರ ಚಹಾಕ್ಕೆ ಸೇರುತ್ತೇವೆ. 1975ರಲ್ಲಿ ಆರ್ಯಭಟ ಹಾರಿದಾಗ ಬಂದ 25 ಪೈಸೆಯ ಅಂಚೆಚೀಟಿ ನನ್ನ ಬಳಿ ಎರಡಿತ್ತು. ಒಂದನ್ನು ಸುಮ್ನೆ ಗೆಳೆಯರೊಬ್ಬರಿಗೆ ಕೊಟ್ಟೆ. ಮುಂದಿನ ವರ್ಷ ಅವರು ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ರಾಕೇಶ್ ಶರ್ಮಾ ಅವರ 1984ರ ಯಾನದ ಅಂಚೆಚೀಟಿ ತಂದು ನನ್ನ ಆಲ್ಬಮ್‌ನಲ್ಲಿಟ್ಟರು. ದುಡ್ಡಿನ ಮಾತೇ ಬರಲಿಲ್ಲ.

ಕಳೆದ ಮಳೆಗಾಲದಲ್ಲಿ ಆಲ್ಬಮ್ ಒದ್ದೆಯಾಯಿತು. ಮೂವರೂ ಮನೆಗೆ ಬಂದರು. ಒಂದೊಂದೇ ಚೀಟಿ ಬಿಡಿಸಿ, ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ರಾತ್ರಿ ಹನ್ನೊಂದರವರೆಗೂ ಒಣಗಿಸಿದರು. ಇಂಥವರ ಬಗ್ಗೆಯೂ ಬರೆಯಿರಿ.