ಅಮ್ಮನ ಕಾರ್ಡು

ಕಳೆದ ವಾರ ಅಕ್ಕನ ಮಗ ಫೋನ್ ಮಾಡಿದ್ದ. ನಮ್ಮದೇ ಲಿಂಗಾಯತ ಜನರು ಸ್ವಾಮಿಗಳನ್ನು ಹೊತ್ತು ಮೆರೆಸುವ ಅಡ್ಡಪಲ್ಲಕ್ಕಿ, ಪಾದಪೂಜೆ, ಪಾದ ತೊಳೆದ ನೀರು ಕುಡಿಯುವ ಪಾದೋದಕಗಳನ್ನೆಲ್ಲ ಪ್ರಶ್ನಿಸುವ ವೆಬ್‌ಸೈಟ್ ಶುರು ಮಾಡುತ್ತಾನಂತೆ. ಹತ್ತು ಲೇಖನ ಬರೆದಿಟ್ಟುಕೊಂಡಿದ್ದಾನೆ. "ಮಾವ, ಕೇಸು ಬಿದ್ದರೆ ಏನಾಗುತ್ತದೆ?" ಎಂದು ಕೇಳಿದ. ವಕೀಲನಾದ ತಪ್ಪಿಗೆ ಮನೆಮಂದಿಗೆಲ್ಲ ಪುಕ್ಕಟೆ ಸಲಹೆ ಕೊಡುವುದು ನನ್ನ ಹಣೆಬರಹ.

ಧರ್ಮವನ್ನು ಅವಮಾನಿಸಿದ ಕೇಸಿಗೆ ಮೊದಲು ದಂಡ ಸಂಹಿತೆಯ 295ಎ ಕಲಂ ಎನ್ನುತ್ತಿದ್ದೆವು, 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299. ನಂಬರು ಬದಲಾಗಿದೆ, ಏಟು ಅದೇ: ಮೂರು ವರ್ಷದವರೆಗೆ ಸಜೆ, ಬಂಧಿಸಲು ವಾರಂಟ್ ಬೇಕಿಲ್ಲ, ಜಾಮೀನು ಕೇಳಿದ ಕೂಡಲೇ ಸಿಗುವಂಥದ್ದಲ್ಲ. ಹಾಳೆಯ ಮೇಲೆ ಓದಿದರೆ ಧೈರ್ಯವೇ ಬರುತ್ತದೆ. ಬೇಕೆಂದೇ, ದುರುದ್ದೇಶದಿಂದ ಮಾಡಿದ ಅವಮಾನ ಮಾತ್ರ ಅಪರಾಧ, ಅಜಾಗರೂಕತೆಯಿಂದ ಆದದ್ದಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಇಂಥ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಆದರೆ ಆ ಅನುಮತಿ ಬೇಕಾಗುವುದು ಕೋರ್ಟಿನ ಬಾಗಿಲಲ್ಲಿ. ಎಫ್‌ಐಆರ್‌ಗೆ ಬೇಡ, ಬಂಧನಕ್ಕೂ ಬೇಡ. ಏಳು ವರ್ಷದವರೆಗಿನ ಸಜೆಯ ಅಪರಾಧಗಳಲ್ಲಿ ಕಾರಣವಿಲ್ಲದೆ ಬಂಧಿಸಬೇಡಿ ಎಂದು 2014ರಲ್ಲಿ ಬಂದ ತೀರ್ಪೂ ಇದೆ. ಠಾಣೆಯ ಮುಂದೆ ನೂರು ಜನ ಘೋಷಣೆ ಕೂಗುತ್ತಿರುವಾಗ ಅದು ಯಾರಿಗೆ ನೆನಪಾಗಬೇಕು?

2012ರಲ್ಲಿ ವಿಚಾರವಾದಿ ಸನಲ್ ಎಡಮರುಕು ಮುಂಬೈಗೆ ಹೋಗಿ, ಶಿಲುಬೆಯಿಂದ ತೊಟ್ಟಿಕ್ಕುತ್ತಿರುವುದು ಪವಾಡದ ನೀರಲ್ಲ, ಕಟ್ಟಿಕೊಂಡ ಚರಂಡಿಯ ನೀರನ್ನು ಗೋಡೆ ಹೀರಿಕೊಳ್ಳುತ್ತಿದೆ ಎಂದು ತೋರಿಸಿದರು. ಚರಂಡಿ ರಿಪೇರಿ ಮಾಡಿಸುವ ಬದಲು ಅವರ ಮೇಲೇ ದೂರು ದಾಖಲಾಯಿತು. ಅದೇ ವರ್ಷ ಫಿನ್ಲೆಂಡಿಗೆ ಹೋದವರು ಅಲ್ಲೇ ಉಳಿಯಬೇಕಾಯಿತು. ವಿಚಾರಣೆಯಿಲ್ಲ, ತೀರ್ಪಿಲ್ಲ, ಗಡೀಪಾರು ಮಾತ್ರ ಆಯಿತು.

"ಹೆಸರು ಹಾಕದೆ ಬರೆದರೆ?" ಎಂದ ಹುಡುಗ.

"ವೆಬ್‌ಸೈಟಿನ ಹೆಸರು ನೋಂದಾಯಿಸಲು ದುಡ್ಡು ಕಟ್ಟಿದ ಕಾರ್ಡು ಯಾರದು?"

ಸ್ವಲ್ಪ ಹೊತ್ತು ಸುಮ್ಮನಿದ್ದು "ಅಮ್ಮನದು" ಎಂದ. ಒಟಿಪಿ ಬಂದದ್ದೂ ಅಮ್ಮನ ಮೊಬೈಲಿಗೇ. ಪೊಲೀಸರಿಗೆ ಅದನ್ನು ಹುಡುಕುವುದು ಒಂದು ಪತ್ರದ ಕೆಲಸ.

ಆಮೇಲೆ ನನಗೆ ಕಾನೂನಿನ ಮಾತು ಸಾಕೆನಿಸಿತು. ಬೇರೆಯವರ ಧರ್ಮವನ್ನು ಬೈದವನಿಗೆ ಬೆನ್ನು ತಟ್ಟಲು ಸ್ವಂತದವರಾದರೂ ಇರುತ್ತಾರೆ. ತನ್ನದನ್ನೇ ಟೀಕಿಸುವವನಿಗೆ ಆ ಆಸರೆಯಿಲ್ಲ, ಅವನ ಮನೆಯ ದಾರಿಯೂ ಎಲ್ಲರಿಗೆ ಗೊತ್ತು. ಲಿಂಗಾಯತರೇ ಆದ ಸಂಶೋಧಕ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ ಬರಹದ ಕೆಲವು ಮಾತುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಅಂದೇ ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂದಿದ್ದರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಅವರನ್ನು ಮನೆಬಾಗಿಲಲ್ಲೇ ಗುಂಡಿಕ್ಕಿ ಕೊಂದರು.

ಕೊಯಮತ್ತೂರಿನ ಫಾರೂಕ್ ವಿದ್ವಾಂಸನಲ್ಲ, ಗುಜರಿ ವ್ಯಾಪಾರಿ. ಮುಸ್ಲಿಂ ಮನೆಯಲ್ಲಿ ಹುಟ್ಟಿ ನಾಸ್ತಿಕನಾದವನು. ದೇವರಿಲ್ಲ ಎಂದು ಬರೆದ ಹಾಳೆಯನ್ನು ಮಗುವಿನ ಕೈಗೆ ಕೊಟ್ಟು ಫೋಟೊ ಹಾಕಿದ್ದ. 2017ರ ಮಾರ್ಚಿನ ಒಂದು ರಾತ್ರಿ ಫೋನ್ ಬಂತೆಂದು ಹೊರಗೆ ಹೋದವನನ್ನು ಕೊಚ್ಚಿಹಾಕಿದರು. ಆರೋಪಿಗಳೂ ಅದೇ ಸಮುದಾಯದವರು. ಅವನ ತಂದೆ ದೇವರನ್ನು ನಂಬುವವರು, ಆದರೂ ಮಗನಿದ್ದ ವಿಚಾರವಾದಿ ಸಂಘಟನೆಯನ್ನು ತಾನೂ ಸೇರುತ್ತೇನೆಂದರು. ನಮ್ಮ ಭಾವ ಹಾಗೆ ಹೇಳಿಯಾರೇ? ನನಗೆ ಅನುಮಾನವಿದೆ.

ಅಷ್ಟು ದೂರ ಹೋಗದಿರಲಿ, ಮದುವೆ ಮನೆಯ ಪಂಕ್ತಿಯಲ್ಲಿ ಅಕ್ಕನ ಪಕ್ಕ ಕುಳಿತವರು ಎಲೆ ಹಿಡಿದು ಎದ್ದುಹೋಗುವ ದಿನ ಬರಬಹುದು. ಅಕ್ಕನದು ಮಗಳಿಗೆ ಗಂಡು ನೋಡುತ್ತಿರುವ ಮನೆ. ಆ ದಂಡವನ್ನು ಅಕ್ಕ ಕಟ್ಟಬೇಕು, ಅವಳು ಒಂದು ಸಾಲನ್ನೂ ಬರೆದಿಲ್ಲ.

ಬರೆಯಬೇಡ ಎಂದು ನಾನು ಹೇಳಲಿಲ್ಲ. ಅವನ ಲೇಖನಗಳಲ್ಲಿ ಎರಡನ್ನು ಓದಿದೆ, ಚೆನ್ನಾಗಿವೆ, ಒಂದರಲ್ಲಿ ಸುಮ್ಮನೆ ಚುಚ್ಚುವ ಮಾತು ಹೆಚ್ಚು. ನಿನ್ನ ಹೆಸರಲ್ಲೇ ಕಾರ್ಡು ಮಾಡಿಸು, ದುಡ್ಡು ನೀನೇ ಕಟ್ಟು, ಮೊದಲ ಲೇಖನವನ್ನು ಅಮ್ಮನಿಗೆ ಓದಿ ಹೇಳು ಎಂದೆ.

"ನೀವೇ ಹೇಳುತ್ತೀರಾ, ಮಾವ?" ಎಂದು ಕೇಳಿದ.

ಐದು ದಿನವಾಯಿತು. ಅಕ್ಕ ನಿನ್ನೆಯೂ ಫೋನ್ ಮಾಡಿದ್ದಳು. ಮಳೆಯ ವಿಷಯ ಮಾತಾಡಿ ಇಟ್ಟುಬಿಟ್ಟೆ.