ಮಲಗಿದ ಕಾಮಗಾರಿಗೂ ಹಸಿವುಂಟು

ಪಂಪ್‌ವೆಲ್ ಮೇಲ್ಸೇತುವೆಯನ್ನು ಮಂಗಳೂರಿನವರು ಅಷ್ಟು ವರ್ಷ ಗೇಲಿ ಮಾಡಿದ್ದು ತಪ್ಪೇ ತಪ್ಪು. ಹತ್ತಿರ ಹತ್ತಿರ ಹತ್ತು ವರ್ಷ ಎಳೆದು, 2020ರ ಜನವರಿಯಲ್ಲಿ ಅದು ಓಡಾಟಕ್ಕೆ ತೆರೆದುಕೊಳ್ಳುವಷ್ಟರಲ್ಲಿ ವಾಟ್ಸಾಪ್‌ನಲ್ಲಿ ಜೋಕುಗಳೇ ಖಾಲಿಯಾಗಿದ್ದವು. ಸುಮ್ನೆ ಮಲಗಿದವರಿಗೆ ಖರ್ಚಿಲ್ಲ ಅಂತ ಯಾರು ಹೇಳಿದ್ದು ಮಾರಾಯ್ರೆ?

ನಮ್ಮ ಮೈಯನ್ನೇ ನೋಡಿ. ಭಾನುವಾರ ಕೋರಿ ರೊಟ್ಟಿ ಹೊಡೆದು ಚಾಪೆ ಮೇಲೆ ಬಿದ್ದುಕೊಂಡರೂ ಹೃದಯ ರಕ್ತ ನೂಕುತ್ತಿರುತ್ತದೆ, ಕಿಡ್ನಿ ಸೋಸುತ್ತಿರುತ್ತದೆ, ಜೀವಕೋಶಗಳು ಸೋಡಿಯಂ ಹೊರಗೆ ದಬ್ಬುತ್ತಿರುತ್ತವೆ. ಹೆಚ್ಚಿನವರಿಗೆ ದಿನದ ಶಕ್ತಿಯ ಖರ್ಚಿನಲ್ಲಿ ಶೇ. 60ರಿಂದ 70 ಹೀಗೆ ಬಿದ್ದುಕೊಂಡಲ್ಲೇ ಹೋಗುತ್ತದೆ. ತೂಕದಲ್ಲಿ ಬರೀ ಶೇ. 2ರಷ್ಟಿರುವ ಮಿದುಳು ಅದರಲ್ಲಿ ಶೇ. 20ರಷ್ಟು ನುಂಗುತ್ತದೆ, ವಿಶೇಷವಾಗಿ ಏನೂ ಯೋಚಿಸದಿದ್ದರೂ. ಸಲಹಾ ಸಮಿತಿಯ ಬಿಲ್ಲು ನೋಡಿ ಕೂಗಾಡುವವರು ಇದನ್ನು ತಿಳಿದಿರಬೇಕು.

ಹಾಗಾಗಿ ನಿಮ್ಮ ರಸ್ತೆಯ ಗುಂಡಿಯನ್ನು ಬೈಯಬೇಡಿ. ಬ್ಯಾರಿಕೇಡ್ ವಾಲಿದೆ, ನಿಜ. ತುಕ್ಕು ಹಿಡಿದ ಕಬ್ಬಿಣದ ಸರಳಿಗೆ ಬಳ್ಳಿ ಸುತ್ತಿಕೊಂಡು ಹೂವೂ ಬಿಟ್ಟಿದೆ. ತಳದಲ್ಲಿ ಮಳೆನೀರು, ನೀರಲ್ಲಿ ಕಪ್ಪೆಯ ಸಂಸಾರ. ಮೇಲೆ ‘ಕಾಮಗಾರಿ ಪ್ರಗತಿಯಲ್ಲಿದೆ’ ಅನ್ನೋ ಬೋರ್ಡು. ಬೋರ್ಡು ಸುಳ್ಳು ಹೇಳುತ್ತಿಲ್ಲ. ಯಂತ್ರದ ಬಾಡಿಗೆ, ಕಾವಲಿನವನ ಸಂಬಳ, ಸಾಲದ ಬಡ್ಡಿ ಎಲ್ಲ ಒಳಗೊಳಗೇ ಪ್ರಗತಿಯಲ್ಲಿವೆ.

ಜ್ವರ ಬಂದಾಗ ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಈ ಮಲಗಿದ ಖರ್ಚು ಸುಮಾರು ಶೇ. 10 ಜಾಸ್ತಿಯಾಗುತ್ತದೆ. ಕಾಮಗಾರಿಗೆ ಜ್ವರ ಬರುವುದು ಚುನಾವಣೆ ಹತ್ತಿರ ಬಂದಾಗ. ರಾತ್ರೋರಾತ್ರಿ ಜಲ್ಲಿ ಬೀಳುತ್ತದೆ, ಜೆಸಿಬಿ ಬರುತ್ತದೆ, ಒಮ್ಮೆ ಒಡೆದ ಜಾಗದಲ್ಲೇ ಇನ್ನೊಮ್ಮೆ ತೆಂಗಿನಕಾಯಿ ಒಡೆಯುತ್ತಾರೆ. ಮತ ಎಣಿಕೆಯ ಮರುದಿನ ಮೈ ತಣ್ಣಗೆ.

ಒಂದು ವಿಷಯದಲ್ಲಿ ಮಾತ್ರ ದೇಹ ನಮ್ಮ ಕಾಮಗಾರಿಗಳಿಂದ ಕಲಿಯಬೇಕು. ಊಟ ಕಡಿಮೆಯಾದರೆ ಪೆದ್ದು ದೇಹ ವಿಶ್ರಾಂತಿಯ ಖರ್ಚನ್ನೂ ಇಳಿಸಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ. ಅನುದಾನ ನಿಂತರೆ ಪರಿಷ್ಕೃತ ಅಂದಾಜು ಬರುತ್ತದೆ, ಹಳೆಯದಕ್ಕಿಂತ ದಪ್ಪಗೆ!

ಈ ವಿಶ್ರಾಂತಿಯ ಖರ್ಚನ್ನು ಸರಿಯಾಗಿ ಅಳೆದುಬಿಡೋಣ ಅಂತೀರಾ? ವಿಧಾನ ಉಂಟು. ಎಚ್ಚರ ಇರಬೇಕು, ಆದರೆ ಅಲುಗಾಡದೆ ಮಲಗಿರಬೇಕು. ಅದರಲ್ಲಿ ನಮ್ಮವಕ್ಕೆ ನೂರಕ್ಕೆ ನೂರು. ಇನ್ನೊಂದು ಷರತ್ತು, ಅದಕ್ಕೂ ಮೊದಲು 12 ಗಂಟೆ ಏನೂ ತಿಂದಿರಬಾರದು. ಅಂಥ ಕಾಮಗಾರಿ ಎಲ್ಲಾದರೂ ಸಿಕ್ಕಿದರೆ ತಿಳಿಸಿ.