ಸೀರೆಗೆ ಫಾರಿನ್, ನೇಕಾರನಿಗೆ ಫೋಟೋ

ಸ್ವತಂತ್ರ ಕ್ಯುರೇಟರ್ ಅಂದರೆ ಯಾರು ಅಂತ ಇಳಕಲ್ಲಿನ ನೇಕಾರರ ಓಣಿಯಲ್ಲಿ ಈಗ ಬಿಡಿಸಿ ಹೇಳಬೇಕಿಲ್ಲ. ಅವರು ಚಿತ್ರ ಬರೆಯುವುದಿಲ್ಲ, ಸೀರೆ ನೇಯುವುದಿಲ್ಲ; ಬೇರೆಯವರು ಮಾಡಿದ್ದನ್ನು ಆರಿಸಿ ಪ್ರದರ್ಶನಕ್ಕೆ ಇಡುತ್ತಾರೆ. ಆದರೆ ಪೋಸ್ಟರಿನಲ್ಲಿ ಅವರ ಹೆಸರೇ ಎಲ್ಲಕ್ಕಿಂತ ದಪ್ಪ. ಹೆಗಲಲ್ಲಿ ಖಾದಿ ಚೀಲ, ಬಾಯಲ್ಲಿ 'ಸಂವಾದ'. ದಾರದ ಜೊತೆ ಸಂವಾದ, ಬಣ್ಣದ ಜೊತೆ ಸಂವಾದ, ಮಗ್ಗದ ಜೊತೆ ಸಂವಾದ. ನೇಕಾರನ ಜೊತೆ ಮಾತ್ರ ಚೌಕಾಸಿ.

ಈ ಸಲದ್ದು ಅಂತಾರಾಷ್ಟ್ರೀಯ ಸಾಂಸ್ಕೃತಿಕ ವಿನಿಮಯ. ನಮ್ಮ ಕಡೆಯಿಂದ ಚಿಕ್ಕಿಪರಾಸ ಅನ್ನೋ ವಿನ್ಯಾಸದ ದಡಿಯ ಸೀರೆ ಯುರೋಪಿಗೆ ಹೋಗಬೇಕು, ಅಲ್ಲಿಂದ ಒಬ್ಬ ಕಲಾವಿದೆ ಇಲ್ಲಿಗೆ ಬರಬೇಕು. ಆಕೆ ಬಂದರು. ರೊಟ್ಟಿ, ಎಣ್ಣೆಗಾಯಿ ಉಂಡರು. ಲಾಳಿಯ ಸದ್ದನ್ನು ಮೊಬೈಲಿನಲ್ಲಿ ತುಂಬಿಕೊಂಡು, ಇದು ನನ್ನ ಕೃತಿ ಅಂದು ಹೊರಟರು.

ನೇಕಾರನನ್ನೂ ಕಳಿಸಬೇಕಲ್ವಾ ಅಂತ ಯಾರೋ ಕೇಳಿದರು. ಸರಿ, ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರು, ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ಕಾಗದ. ಮಜೂರಿ ಕೈಗೆ ಬಂದು ಕೈಯಲ್ಲೇ ಕರಗುವ ಮನುಷ್ಯನ ಪಾಸ್‌ಬುಕ್ಕಲ್ಲಿ ಏನಿರುತ್ತೆ? ಈತ ಹೋದರೆ ವಾಪಸ್ ಬರಲಿಕ್ಕಿಲ್ಲ ಅಂತ ವೀಸಾ ಕೊಡಲಿಲ್ಲ. ಸೀರೆಯ ಮೇಲೆ ಯಾರಿಗೂ ಅನುಮಾನವಿಲ್ಲ. ವಿಮೆ ಮಾಡಿಸಿಕೊಂಡು ಆರಾಮಾಗಿ ವಿಮಾನ ಹತ್ತಿತು. ವಾಪಸ್ ಬಾರದೆ ಅಲ್ಲೇ ಉಳಿದದ್ದು ಅದೇ.

ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಬಿಳಿ ಗೋಡೆ, ಮೇಲಿನಿಂದ ಇಳಿಬಿಟ್ಟ ಸೀರೆ. ಹತ್ತಿಯ ಒಡಲಿನ ಹಾಸಿಗೂ (ಉದ್ದ ಎಳೆಗಳಿಗೂ) ಸೆರಗಿನ ಕೆಂಪು ರೇಷ್ಮೆ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿದ್ದು ನೇಕಾರನ ಹೆಂಡತಿ. ಕ್ಯುರೇಟರ್ ಸಾಹೇಬರ ಬರಹದಲ್ಲಿ ಅದು 'ಎರಡು ಲೋಕಗಳು ಮುಖಾಮುಖಿಯಾಗುವ ಗಡಿ'. ಕೆಳಗೆ ಸಣ್ಣ ಚೀಟಿ: ಕಲಾವಿದ, ಅಜ್ಞಾತ.

"ಅವರ ನಂಬರ್ ನಮ್ಮ ಕಡೆ ಐತಿ, ನಮ್ಮ ನಂಬರ್ ಅವರ ಕಡೆ ಐತಿ. ಮತ್ತ ನೀವು ಅಜ್ಞಾತ ಹೆಂಗಾದ್ರಿ?" ಅಂತ ಆಕೆ ಗಂಡನನ್ನು ಕೇಳಿದಳು. ಅಜ್ಞಾತ ಉತ್ತರ ಕೊಡದೆ ಮಗ್ಗಕ್ಕೆ ಇಳಿದ.

ನಮ್ಮ ಸೀಮೆಗೆ ಈ ವಿನಿಮಯ ಹೊಸದೇನಲ್ಲ. ಪಕ್ಕದ ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ (ಆಳ್ವಿಕೆ 1580–1627) ಆಸ್ಥಾನಕ್ಕೆ ಹಾಲೆಂಡಿನ ಹಾರ್ಲೆಮ್ ಊರಿನ ಚಿತ್ರಕಾರ ಕೊರ್ನೆಲಿಸ್ ಹೇಡಾ ಬಂದಿದ್ದ. ದೊರೆ ಕೆಲಸ ಕೊಟ್ಟ, ಇವನು ಚಿತ್ರ ಬರೆದ. ಕಾನ್ಸೆಪ್ಟ್ ನೋಟ್ ಇಲ್ಲ, ನಡುವೆ ಕ್ಯುರೇಟರ್ ಇಲ್ಲ. ಹೇಗೆ ಸಾಧ್ಯವಾಯಿತೋ! 400 ವರ್ಷ ಕಳೆದರೂ ಅವನ ಹೆಸರು ಉಳಿದಿದೆ. ಆಧಾರ್ ಕಾರ್ಡ್ ಇರುವ ನಮ್ಮವನದ್ದು ಉಳಿಯಲಿಲ್ಲ. (ಅದೇ ವಿಜಯಪುರದ ಅಸಾರ್ ಮಹಲಿನ ಹಸ್ತಪ್ರತಿಗಳೂ ಬ್ರಿಟಿಷರ ಕಾಲದಲ್ಲಿ ಲಂಡನ್ನಿಗೆ ಹೋದವು. ಬದಲಿಗೆ ಏನು ಬಂತು ಅಂತ ಸುಮ್ನೆ ಕೇಳಬೇಡಿ.)

ಮೊನ್ನೆ ಸಾಹೇಬರು ಮತ್ತೆ ಫೋನ್ ಮಾಡಿದ್ದರು. ಮುಂದಿನ ಪ್ರದರ್ಶನಕ್ಕೆ ಇಡೀ ಮಗ್ಗವೇ ಬೇಕಂತೆ.

"ಇದು ಗುಂಡಿಮಗ್ಗ ಐತ್ರಿ ಸರ. ಕಟ್ಟಿಗಿ ಒಯ್ಯಬಹುದು, ಗುಂಡಿ ಹೆಂಗ ಒಯ್ತೀರಿ?" ಅಂದ ನೇಕಾರ.

ಅದರ ಚಿಂತೆ ಬೇಡವಂತೆ. ಅಲ್ಲಿನ ಮ್ಯೂಸಿಯಮ್ಮಿನಲ್ಲೇ ಗುಂಡಿ ತೋಡಲು ಅನುದಾನ ಮಂಜೂರಾಗಿದೆ. ಅದರಲ್ಲಿ ಕಾಲು ಇಳಿಬಿಟ್ಟು ಕೂರೋಕೆ ಅಲ್ಲಿನವರೇ ಒಬ್ಬರು ಕಲಾವಿದರು ಒಪ್ಪಿದ್ದಾರೆ. ಹೇಗೆ ಕೂರಬೇಕು ಅನ್ನೋದಕ್ಕೆ ಒಂದು ವಿಡಿಯೋ ಮಾಡಿ ಕಳಿಸಬೇಕಂತೆ, ನಾಳೆ ಸಂಜೆಯೊಳಗೆ.